ಟಿಕೆಟ್ ಇಲ್ಲದವರು

"ಆಟ ಇನ್ನೂ ಮುಗಿದಿಲ್ವಾ?"

ಅಮ್ಮ ಇದನ್ನು ಯಾರನ್ನೂ ಕೇಳುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಸಂಜೆ ಬೆಳಕು ಕಿಟಕಿಯಿಂದ ಇಳಿಯುವ ಹೊತ್ತಿಗೆ ಕೇಳುತ್ತಾಳೆ. ಉತ್ತರಕ್ಕೆ ಕಾಯುವುದಿಲ್ಲ. ಇಪ್ಪತ್ತಾರು ವರ್ಷದಿಂದ ಹೀಗೇ. ಮೊದಲ ವರ್ಷ ಅಪ್ಪ "ಮುಗೀತು" ಅನ್ನುತ್ತಿದ್ದರು. ಆಮೇಲೆ ಬಿಟ್ಟರು. ಮುಗೀತು ಅಂದರೆ, ಮತ್ತೆ ಅವಳೇಕೆ ಬರಲಿಲ್ಲ ಅನ್ನುವುದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಅವಳು ಅಂದರೆ ನನ್ನ ಅಕ್ಕ.

ನಮ್ಮ ಮನೆಯ ಹಿಂದೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದಿ. ಅದರಾಚೆ ಫುಟ್‌ಬಾಲ್ ಕ್ರೀಡಾಂಗಣದ ಗೋಡೆ. ಗೋಡೆಯಾಚೆ ಪೂರ್ವದ ಗ್ಯಾಲರಿ. ಸೂರಿಲ್ಲದ, ಕುರ್ಚಿಯಿಲ್ಲದ, ನಿಂತೇ ನೋಡುವ ಅಗ್ಗದ ಗ್ಯಾಲರಿ. ನಾನು ಅದನ್ನು ಗುಡಿಸುತ್ತೇನೆ. ನಲವತ್ತೊಂದು ಮೆಟ್ಟಿಲು. ಪಂದ್ಯದ ಮರುದಿನ ಬೆಳಿಗ್ಗೆ ಮೇಲಿನಿಂದ ಶುರು ಮಾಡಿದರೆ ಮಧ್ಯಾಹ್ನಕ್ಕೆ ಕೆಳಗೆ ಬರುತ್ತೇನೆ. ಲೋಟ, ಸಿಪ್ಪೆ, ಉಗುಳು, ವಾಂತಿ. ಬಗ್ಗಿ ಬಗ್ಗಿ ಸೊಂಟ ಮರಗಟ್ಟಿದೆ. ನೆಟ್ಟಗೆ ನಿಂತರೆ ಈಗ ನೋಯುತ್ತದೆ, ಬಗ್ಗಿದರೆ ನೋಯುವುದಿಲ್ಲ.

ಕೆಳಗಿನ ಮೂಲೆಯಲ್ಲಿ ಹತ್ತು ಹೆಜ್ಜೆ ಉದ್ದದ ಕಾಂಕ್ರೀಟಿನ ಬಣ್ಣವೇ ಬೇರೆ. ಅಲ್ಲಿ ನಾನು ಕಾಲಿಡುವುದಿಲ್ಲ. ಅಂಚಿನಲ್ಲಿ ಕೂತು, ಕೈ ಚಾಚಿ, ಬಟ್ಟೆಯಿಂದ ಒರೆಸುತ್ತೇನೆ. ಅದರ ಕೆಳಗೆ ಅಕ್ಕ ಇದ್ದಾಳೆ.

ಈಗ ಹಳೆಯದನ್ನು ಕೆಡವಿ ಹೊಸ ಕ್ರೀಡಾಂಗಣ ಕಟ್ಟುತ್ತಾರೆ. ಸುತ್ತಲ ಮೂರು ಬೀದಿಯನ್ನೂ ಹೊಸದಾಗಿ ಕಟ್ಟುತ್ತಾರೆ. ಎಲ್ಲ ಒಪ್ಪಿಗೆಯೂ ಸಿಕ್ಕಿದೆ. ಒಂದು ಕಾಗದ ಮಾತ್ರ ಅಡ್ಡ ನಿಂತಿದೆ. ಅಕ್ಕ ಸತ್ತ ವರ್ಷವೇ ಅಪ್ಪ ಬರೆದು ಕೊಟ್ಟ ಅರ್ಜಿ. ಗ್ಯಾಲರಿಯ ಕೆಳಗೆ ಇಬ್ಬರು ಹೆಂಗಸರ ದೇಹ ಉಳಿದಿದೆ, ಅಗೆದು ತೆಗೆದುಕೊಡಿ ಅಂತ. ಅಪ್ಪನ ಸಹಿ, ಅದರ ಕೆಳಗೆ ನನ್ನದು. ಇಷ್ಟು ವರ್ಷ ಅದನ್ನು ಯಾರೂ ಓದಲಿಲ್ಲ, ಹರಿಯಲೂ ಇಲ್ಲ. ಫೈಲಿನೊಳಗೆ ಸುಮ್ಮನೆ ಇತ್ತು. ಅಪ್ಪ ತೀರಿಕೊಂಡರು. ಈಗ ಅದನ್ನು ವಾಪಸ್ ತೆಗೆದುಕೊಳ್ಳಬಲ್ಲವಳು ನಾನೊಬ್ಬಳೇ.

ತೆಗೆದುಕೊಂಡರೆ ಮುಂದಿನ ತಿಂಗಳೇ ಕೆಲಸ ಶುರು. ತೆಗೆದುಕೊಳ್ಳದಿದ್ದರೆ ಕಾನೂನಿನ ಪ್ರಕಾರ ಅಗೆದು ನೋಡಬೇಕು. ಪೊಲೀಸು, ಕೋರ್ಟು, ಎರಡು ವರ್ಷ. ಅಷ್ಟರಲ್ಲಿ ದುಡ್ಡು ಹಾಕುವವರು ಬೇರೆ ಊರು ನೋಡಿಕೊಳ್ಳುತ್ತಾರೆ.

*

ಕ್ಲಬ್ಬಿನ ಹಾಲ್‌ನಲ್ಲಿ ಹೊಸ ಕ್ರೀಡಾಂಗಣದ ಮಾದರಿ ಇಟ್ಟಿದ್ದರು. ಗಾಜಿನ ಪೆಟ್ಟಿಗೆ, ಒಳಗೆ ದೀಪ. ಮೂರು ಬೀದಿಯ ಜನವೂ ಸಾಲು ನಿಂತು ನೋಡಿದರು. ಮಗಳು ನನ್ನನ್ನು ಎಳೆದುಕೊಂಡು ಹೋದಳು.

"ನೋಡಮ್ಮ, ಸುತ್ತ ಸೂರು. ಮಳೆ ಬಂದ್ರೂ ಯಾರೂ ನೆನೆಯಲ್ಲ. ಇದು ಮಕ್ಕಳ ಮೈದಾನ. ಇವು ಮನೆಗಳು, ಎರಡೆರಡು ರೂಮು, ಒಳಗೇ ಬಚ್ಚಲು."

"ನಮ್ಮ ಮನೆ ಯಾವುದು?" ಅಂತ ಹಿಂದಿನಿಂದ ಯಾರೋ ಕೇಳಿದರು.

"ಆ ಮರದ ಪಕ್ಕದ್ದು ನಂದು. ನೀನು ಬೇರೆ ನೋಡ್ಕೋ."

"ನಿನ್ನ ಹೆಂಡ್ತಿ ಬೈಯೋದು ನನಗೆ ಕೇಳಿಸದಷ್ಟು ದೂರ ಇರಲಿ, ಸಾಕು."

ಎಲ್ಲರೂ ನಕ್ಕರು. ಮುದುಕರು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಇವರು ನಲವತ್ತು ವರ್ಷ ಬಿಸಿಲಲ್ಲಿ ನಿಂತು ಸೋಲುವ ತಂಡಕ್ಕೆ ಕೂಗಿದವರು. ಕೂತು ಆಟ ನೋಡಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು.

ನಾನು ಬಗ್ಗಿ ಮಾದರಿಯ ಕೆಳಗೆ ನೋಡಿದೆ. ಕೆಳಗೆ ಬರೀ ಮೇಜು.

ಮಗಳು ಗಾಜಿನ ಮೇಲಿಂದಲೇ ಒಂದು ಮೂಲೆಗೆ ಬೆರಳು ತೋರಿಸಿದಳು. "ಇದು ಹುಡುಗೀರ ಡ್ರೆಸ್ಸಿಂಗ್ ರೂಮು."

ಅವಳು ಹೆಣ್ಣುಮಕ್ಕಳ ತಂಡದಲ್ಲಿ ಎಡಗಡೆಯಿಂದ ಓಡುವವಳು. ಹತ್ತೊಂಬತ್ತು ವರ್ಷ. ಅವರಿಗೆ ಬಟ್ಟೆ ಬದಲಿಸಲು ಕೋಣೆ ಇಲ್ಲ. ಬಸ್ಸಿನ ಹಿಂದೆ ನಾಲ್ವರು ಟವೆಲ್ ಹಿಡಿದು ನಿಂತರೆ ಒಬ್ಬಳು ಬದಲಿಸಬೇಕು. ಗೋಡೆ ಹತ್ತಿ ನೋಡುವವರಿದ್ದಾರೆ. ಫೋನ್ ಹಿಡಿಯುವವರಿದ್ದಾರೆ.

ಮನೆಗೆ ಬಂದ ಮೇಲೆ ಅವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು. "ಅಮ್ಮ, ನಾನು ನಿನ್ನ ಅಕ್ಕನ್ನ ನೋಡಿಲ್ಲ. ನೋಡಿದ್ರೆ ನಂಗೂ ಅಳು ಬರ್ತಿತ್ತೇನೋ. ಆದ್ರೆ ನಾನು ಬದುಕಿದೀನಿ. ನಂಗೆ ಒಂದು ಬಾಗಿಲು ಬೇಕು. ಒಳಗಿನಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು. ಅಷ್ಟೇ ಕೇಳ್ತಿರೋದು."

ನಾನು ಅಮ್ಮನ ಹೊದಿಕೆ ಸರಿಪಡಿಸಿದೆ.

"ನೀನು ಹೀಗೆ ಸುಮ್ಮನಿರೋದು ಇದೆಯಲ್ಲ, ಬೈದ್ರೂ ಇದಕ್ಕಿಂತ ವಾಸಿ," ಅಂದಳು.

*

ನಾನು ಮಾತಿನವಳಲ್ಲ. ಕೇಳುವವಳು. ಅಪ್ಪ ದಿನಾ ಕೆಲಸದಿಂದ ಬಂದು, ಗೋಡೆಗೆ ಬೆನ್ನು ಕೊಟ್ಟು ಪದ್ಯ ಹೇಳುತ್ತಿದ್ದರು. ಮನೆಯಲ್ಲಿ ಪುಸ್ತಕವಿರಲಿಲ್ಲ, ಎಲ್ಲ ಬಾಯಲ್ಲೇ. ಅಕ್ಕ ನಡುವೆ ಏನಾದರೂ ಸೇರಿಸಿ ನಗಿಸುತ್ತಿದ್ದಳು. ನಾನು ಕಣ್ಣು ಮುಚ್ಚಿ ಕೂರುತ್ತಿದ್ದೆ. ಎರಡು ಸಾಲಿನ ನಡುವೆ ಅಪ್ಪ ಉಸಿರು ತೆಗೆದುಕೊಳ್ಳುತ್ತಾರಲ್ಲ, ದೇವರು ಆ ಜಾಗದಲ್ಲಿದ್ದಾನೆ ಅಂದುಕೊಂಡಿದ್ದೆ. ಈಗಲೂ ಅಂದುಕೊಂಡಿದ್ದೇನೆ. ಯಾವ ಸದ್ದು ಬಂದರೂ ಮನಸ್ಸು ತಾನಾಗಿ ಮಾತ್ರೆ ಎಣಿಸುತ್ತದೆ.

ಗ್ಯಾಲರಿಯ ಕೆಳಗೆ ಕೆಲಸ ಮಾಡುವಾಗ ಅದೇ ನಮ್ಮ ಕಣ್ಣಾಗಿತ್ತು.

ಅಲ್ಲೊಂದು ಕೋಣೆಯಿತ್ತು. ಕೋಣೆ ಅಂದರೆ ದೊಡ್ಡ ಮಾತು. ನೆಲದಿಂದ ಆರು ಮೆಟ್ಟಿಲು ಕೆಳಗೆ, ಬಗ್ಗಿಯೇ ನಿಲ್ಲಬೇಕು. ಮೇಲೆ ನಿಂತ ಸಾವಿರಾರು ಗಂಡಸರ ಉಚ್ಚೆ ಅಲ್ಲಿನ ಮೋರಿಯಲ್ಲೇ ಹರಿದು ಹೋಗಬೇಕು. ಅರ್ಧ ವಿರಾಮದಲ್ಲಿ ಒಟ್ಟಿಗೇ ಬರುತ್ತಿತ್ತು. ಸಿಗರೇಟಿನ ತುಂಡು, ಸಿಪ್ಪೆ, ಕಾಗದ ಸೇರಿ ಮೋರಿ ಕಟ್ಟುತ್ತಿತ್ತು. ಕಟ್ಟಿದರೆ ಹಿಂದಕ್ಕೆ ಏರಿ ಮೇಲಿನವರ ಕಾಲು ಒದ್ದೆಯಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಬರಿಗೈಯಲ್ಲಿ. ಮೊಣಕೈ ತನಕ. ಮೂರು ಜನ. ಅಕ್ಕ, ನಾನು, ಮತ್ತು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದ ಒಬ್ಬ ಮುದುಕಿ. ದೊಡ್ಡಮ್ಮನಿಗೆ ಸ್ವಂತದವರು ಅಂತ ಯಾರೂ ಇರಲಿಲ್ಲ.

ಕೋಣೆಗೆ ಕಬ್ಬಿಣದ ಗೇಟು. ಆಟಕ್ಕೆ ಮುಂಚೆ ನಮ್ಮನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು. ಕೊನೆಯ ಸೀಟಿ ಆದ ಮೇಲೆ ತೆಗೆಯುತ್ತಿದ್ದರು. ಬೀಗ ಯಾಕೆ ಅಂದರೆ, ಇಲ್ಲದಿದ್ದರೆ ನಾವು ಟಿಕೆಟ್ ಇಲ್ಲದೆ ಆಟ ನೋಡಿಬಿಡುತ್ತೇವೆ.

ನೋಡದೆಯೂ ನಮಗೆ ಆಟ ಗೊತ್ತಾಗುತ್ತಿತ್ತು. ತಲೆಯ ಮೇಲಿನ ಕಾಲುಗಳು ಹೇಳುತ್ತಿದ್ದವು. ಮೂರು ಮಾತ್ರೆಯ ಕುಟ್ಟು ನಮ್ಮವರು ಮುನ್ನುಗ್ಗುವಾಗ. ನಾಲ್ಕಕ್ಕೆ ತಿರುಗಿದರೆ ಕಾರ್ನರ್. ಒಮ್ಮೆಗೇ ನಿಂತರೆ ಪೆನಾಲ್ಟಿ. ಚದುರಿ ಎಳೆದಾಡಿದರೆ ಜಗಳ. ಎಲ್ಲ ಕಾಲೂ ಒಟ್ಟಿಗೆ ಹಾರಿ ಬಿದ್ದರೆ, ಮಣ್ಣು ಉದುರಿದರೆ, ಗೋಲು. ಅಕ್ಕ ಗೇಟಿಗೆ ಪೊರಕೆ ಹಿಡಿಯಿಂದ ಬಡಿದು ಲೆಕ್ಕ ಸರಿಯಾ ಅಂತ ಹೊರಗಿನವರನ್ನು ಕೇಳುತ್ತಿದ್ದಳು. ಮೂರು ಬಡಿತ, ಬಿಡುವು, ಮೂರು ಬಡಿತ. ಯಾವತ್ತೂ ತಪ್ಪಿರಲಿಲ್ಲ.

ಅವತ್ತು ತಪ್ಪಿತು.

ಎರಡನೇ ಅರ್ಧ. ಮೇಲೆ ಒಂದು ದೊಡ್ಡ ಸದ್ದಾಯಿತು. ಮಣ್ಣು ಉದುರಿತು. "ಗೋಲು," ಅಂದಳು ಅಕ್ಕ. ದೊಡ್ಡಮ್ಮನ ಎರಡೂ ಕೈ ಹಿಡಿದು, ಬೆನ್ನು ಬಗ್ಗಿಸಿಕೊಂಡೇ ಕುಣಿದಳು. ಮೂವರೂ ನಕ್ಕೆವು. ನಕ್ಕ ಆ ಹೊತ್ತಿನಲ್ಲಿ ಗೇಟಿನ ಹತ್ತಿರ ಓಡಿ ಕೂಗಿದ್ದರೆ ಯಾರಾದರೂ ಬರುತ್ತಿದ್ದರೋ ಏನೋ. ಅದು ಗೋಲಲ್ಲ. ತೊಲೆ ಮುರಿದಿತ್ತು.

ಅರ್ಧ ಚಾವಣಿ ಗೇಟಿನ ಕಡೆ ಕುಸಿಯಿತು. ದೊಡ್ಡಮ್ಮನ ಕಾಲು ಸಿಕ್ಕಿಕೊಂಡಿತು. ಅಕ್ಕ ನನ್ನನ್ನು ಮೋರಿಯ ಬಾಯಿಗೆ ತಳ್ಳಿದಳು. "ನೀನು ಸಣ್ಣಗಿದೀಯ, ನುಗ್ಗು. ಹೋಗಿ ಬೀಗ ತೆಗೆಸು, ನಾವಿಲ್ಲೇ ಇರ್ತೀವಿ." ಅಂಗಾಲಿಗೆ ಅವಳ ಎರಡೂ ಕೈ ತಾಗಿತ್ತು. ತಳ್ಳುತ್ತಲೇ ಇದ್ದಳು. ಅವಳು ಬದುಕಿದ್ದಳು.

ನನಗೆ ಹದಿನೈದು. ಮೋರಿಯೊಳಗೆ ಹೊಟ್ಟೆಯ ಮೇಲೆ ತೆವಳಿ ಸಂದಿಗೆ ಬಂದು ಬಿದ್ದೆ. ಕಣ್ಣು, ಬಾಯಿ, ಕೂದಲು, ಎಲ್ಲ ಅದೇ. ಸುತ್ತಿ ಬಂದು ಗೇಟು ಕಾಯುವವನ ಮುಂದೆ ನಿಂತೆ. ಜನ ಓಡುತ್ತಿದ್ದರು. ಓಡುತ್ತಿದ್ದವರೂ ಮೂಗು ಮುಚ್ಚಿಕೊಂಡು ನನ್ನಿಂದ ದೂರ ಸರಿದರು. "ಅಕ್ಕ ಒಳಗಿದಾಳೆ, ಬೀಗ ತೆಗೀರಿ," ಅಂದೆ.

"ಥೂ, ದೂರ ನಿಲ್ಲು," ಅಂದ ಅವನು. "ಮೊದಲು ಮೈ ತೊಳ್ಕೊಂಡು ಬಾ. ಆಮೇಲೆ ಮಾತಾಡು."

ನಾನು ಹೋಗಿ ಮೈ ತೊಳೆದುಕೊಂಡೆ.

ಹೌದು. ಹೋದೆ. ಹುಟ್ಟಿದಾಗಿನಿಂದ ಅದೇ ಮಾತು ಕೇಳಿ ಬೆಳೆದವಳು ಮತ್ತೇನು ಮಾಡುತ್ತಾಳೆ? ಬೀದಿಯ ನಲ್ಲಿಯಲ್ಲಿ ಸೋಪು ಹಾಕಿ ತಿಕ್ಕಿದೆ. ಲಂಗ ಬದಲಿಸಿದೆ. ಬೇಗನೇ ತೊಳೆದೆ ಅಂದುಕೊಂಡಿದ್ದೆ. ಒದ್ದೆ ಕೂದಲಲ್ಲಿ ಓಡಿ ಬಂದಾಗ ಉಳಿದರ್ಧವೂ ಕುಸಿದಿತ್ತು.

ಮೇಲಿನಿಂದ ಬಿದ್ದು ಸತ್ತವರು ಒಂಬತ್ತು ಜನ. ಎಣಿಸಿದ್ದು ಜೇಬಿನಲ್ಲಿದ್ದ ಹರಿದ ಅರ್ಧ ಟಿಕೆಟಿನಿಂದ. ಕೆಳಗಿನ ಕೋಣೆಯಲ್ಲಿ ಯಾರೂ ಇರಲಿಲ್ಲ ಅಂತ ಕ್ಲಬ್ಬು ಹೇಳಿತು. ಸಾಕ್ಷಿ ಏನು? ಹೊರಗಿನಿಂದ ಬೀಗ ಹಾಕಿತ್ತು. ಬೀಗ ಹಾಕಿದ ಕೋಣೆಯಲ್ಲಿ ಮನುಷ್ಯರು ಹೇಗಿರುತ್ತಾರೆ? ಅಪ್ಪ ಕ್ಲಬ್ಬಿನ ಬಾಗಿಲಲ್ಲಿ ಒಂಬತ್ತು ದಿನ ನಿಂತರು. ಹತ್ತನೆಯ ದಿನ ಜಲ್ಲಿ ಸುರಿದರು. ಹನ್ನೊಂದನೆಯ ದಿನ ಕಾಂಕ್ರೀಟು. ಮುಂದಿನ ಭಾನುವಾರ ಸೆಮಿಫೈನಲ್ ಇತ್ತು. ಜನ ಅದರ ಮೇಲೆ ನಿಂತು, ಸತ್ತ ಒಂಬತ್ತು ಜನಕ್ಕೆ ಒಂದು ನಿಮಿಷ ಮೌನ ಆಚರಿಸಿದರು. ಆಮೇಲೆ ಕಾಲು ಕುಟ್ಟಿದರು.

ಅಪ್ಪ ಆಮೇಲೆ ಪದ್ಯ ಹೇಳಲಿಲ್ಲ. ಅರ್ಜಿ ಬರೆದದ್ದೇ ಕೊನೆ. ಅದರಲ್ಲಿ ಒಂದಕ್ಷರವೂ ಹೊಡೆದು ತಿದ್ದಿರಲಿಲ್ಲ.

*

ಆ ಗೇಟು ಕಾಯುತ್ತಿದ್ದವನನ್ನು ಈಗ ಊರೆಲ್ಲ ಗಂಟಲಣ್ಣ ಅನ್ನುತ್ತದೆ. ಅಭಿಮಾನಿಗಳ ಸಂಘದ ಮುಖ್ಯಸ್ಥ. ಅವನು ಒಂದು ಸಾಲು ಕೂಗಿದರೆ ಇಡೀ ಗ್ಯಾಲರಿ ಮುಂದಿನ ಸಾಲು ಕೂಗುತ್ತದೆ. ಕೂಗಿ ಕೂಗಿ ಸ್ವರ ಒಡೆದಿದೆ. ಹೊಸ ಕ್ರೀಡಾಂಗಣಕ್ಕಾಗಿ ಹದಿನಾರು ವರ್ಷ ಓಡಾಡಿದವನೂ ಅವನೇ. ಅವತ್ತಿನ ಹುಡುಗಿ ನಾನು ಅಂತ ಅವನಿಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದರೆ ನಾನು ಮೈ ತೊಳೆಯಲು ಹೋದದ್ದನ್ನೂ ಹೇಳಬೇಕಾಗುತ್ತಿತ್ತು.

ಅರ್ಜಿಯ ಬಗ್ಗೆ ನಾನು ಎಲ್ಲರೆದುರು ಉತ್ತರ ಹೇಳಬೇಕಿದ್ದ ಸಭೆಯ ಹಿಂದಿನ ದಿನ ಮಧ್ಯಾಹ್ನ ಅವನು ಮನೆಗೆ ಬಂದ. ಹೊಸ್ತಿಲ ಮೇಲೆ ಕೂತ. ಒಳಗೆ ಬಾ ಅಂತ ನಾನು ಕರೆಯಲಿಲ್ಲ.

"ತಂಗಿ, ನೀರು ಕೊಡ್ತೀಯಾ?"

ಕೊಟ್ಟೆ. ಕುಡಿದ. ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕೂತ.

"ನಾಳೆ ಏನ್ ಮಾಡ್ತೀಯ ಅಂತ ಎಲ್ರೂ ನನ್ನ ಕೇಳ್ತಾರೆ. ಅವಳು ಬಾಯಿ ಬಿಟ್ರೆ ತಾನೇ ನಂಗೆ ಗೊತ್ತಾಗೋದು ಅಂತೀನಿ."

ನಾನು ಲೋಟಕ್ಕೆ ಕೈ ಚಾಚಿದೆ. ಅವನು ಕೊಡಲಿಲ್ಲ.

"ಅವತ್ತು ಒಬ್ಳು ಹುಡುಗಿ ಬಂದಿದ್ಳು," ಅಂದ. "ನೀನೇ ಅಲ್ವಾ?"

"ಹೌದು."

"ಎಷ್ಟು ವರ್ಷದಿಂದ ಗೊತ್ತು, ನಾನು ಅಂತ?"

"ಅವತ್ತಿನಿಂದ."

ಅವನು ಲೋಟ ಕೆಳಗಿಟ್ಟ. "ದಿನಾ ಎದುರಿಗೆ ಸಿಗ್ತಿದ್ದೆ. ನಮಸ್ಕಾರ ಅಂತಿದ್ದೆ. ಒಂದು ದಿನಾನೂ ಕೇಳಲಿಲ್ವಲ್ಲ ನೀನು."

"ಕೀಲಿ ಎಲ್ಲಿತ್ತು?" ಅಂತ ಕೇಳಿದೆ.

"ಜೇಬಲ್ಲಿ." ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. "ನೀನು ಹೋದ್ಮೇಲೆ ಗೇಟ್ ಹತ್ರ ಹೋದೆ. ಒಳಗಿಂದ ಬಡೀತಿದ್ರು. ಗೇಟು ಸೊಟ್ಟಗಾಗಿತ್ತು, ಬೀಗ ತಿರುಗಲಿಲ್ಲ. ಹಾರೆ ತರೋಣ, ಯಾರನ್ನಾದ್ರೂ ಕರೆಯೋಣ ಅನ್ಕೊಂಡೆ. ಅಷ್ಟರಲ್ಲಿ ಮೇಲಿನವರನ್ನ ಎತ್ತೋಕೆ ಕರೆದ್ರು. ಹೋದೆ. ಮೇಲಿನವರು ಕಾಣಿಸ್ತಿದ್ರು ತಂಗಿ. ಕೆಳಗಿನವರು ಕಾಣಿಸ್ತಿರಲಿಲ್ಲ."

ಒಳಗೆ ಅಮ್ಮ ಮಗ್ಗುಲು ಬದಲಿಸಿದಳು. ಮಂಚ ಕಿರುಗುಟ್ಟಿತು.

"ನಾನು ಯಾಕೆ ಅಷ್ಟು ಜೋರಾಗಿ ಕೂಗ್ತೀನಿ ಗೊತ್ತಾ? ನನ್ನ ಹೆಂಡ್ತಿ ಹುಚ್ಚು ಅಂತಾಳೆ. ಗ್ಯಾಲರೀಲಿ ಸುಮ್ಮನೆ ನಿಂತ್ರೆ ಕೆಳಗಿನಿಂದ ಕೇಳಿಸುತ್ತೆ." ಹೊಸ್ತಿಲಿಗೆ ಗೆಣ್ಣಿನಿಂದ ಬಡಿದ. ಮೂರು. ಬಿಡುವು. ಮೂರು.

ಗುಡಿಸುವಾಗ, ಮಟಮಟ ಮಧ್ಯಾಹ್ನ, ಖಾಲಿ ಗ್ಯಾಲರಿಯಲ್ಲಿ ನನಗೆ ಕೇಳಿಸುವುದೂ ಅದೇ. ಪೈಪ್ ಇರಬೇಕು ಅನ್ನುತ್ತಾನೆ ಸೂಪರ್‌ವೈಸರ್. ಅಲ್ಲಿ ಪೈಪ್ ಇಲ್ಲ. ನನ್ನ ತಲೆಯೊಳಗಿನದು ಅಂತ ತಿಳಿದಿದ್ದೆ. ಇಪ್ಪತ್ತಾರು ವರ್ಷ ನಾವಿಬ್ಬರೂ ಒಂದೇ ಸದ್ದು ಕೇಳುತ್ತ, ಎದುರು ಬದುರಾದಾಗ ನಮಸ್ಕಾರ ಅನ್ನುತ್ತಿದ್ದೆವು.

"ಹೊಸದು ಬಂದ್ರೆ ಇದು ನಿಲ್ಲುತ್ತೆ," ಅಂದ. "ನಂಗೆ ನಿದ್ದೆ ಬೇಕು. ನಿಂಗೂ ಬೇಕಲ್ವಾ?"

"ಹೊಸದಕ್ಕೆ ಇನ್ನೂ ನಲವತ್ತು ಅಡಿ ಕಾಂಕ್ರೀಟ್ ಹಾಕ್ತಾರೆ. ಸದ್ದು ನಿಲ್ಲಲ್ಲ ಅಣ್ಣ. ನಮಗೆ ಕೇಳಿಸಲ್ಲ, ಅಷ್ಟೇ."

ಅವನು ಎದ್ದ. ಬೀದಿಯಲ್ಲಿ ಯಾರೋ ಅವನನ್ನು ನೋಡಿ ತಂಡದ ಹೆಸರು ಕೂಗಿದರು. ಅವನು ಕೈ ಎತ್ತಿದ. ತಿರುಗಿ ಕೂಗಲಿಲ್ಲ.

*

ಸಭೆ ಮಧ್ಯಾಹ್ನ ಮೂರಕ್ಕೆ. ಕ್ಲಬ್ಬಿನ ಹಾಲ್ ತುಂಬಿ ಕಿಟಕಿಗಳಲ್ಲೂ ಜನ. ತಂಡದ ಬಣ್ಣದ ಅಂಗಿಗಳು. ಮುಂದಿನ ಸಾಲಿನಲ್ಲಿ ಹೆಣ್ಣುಮಕ್ಕಳ ತಂಡ. ಮಗಳು ನನ್ನ ಕಡೆ ನೋಡಲಿಲ್ಲ.

ನನಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಆ ಹಾಲ್‌ನ ನೆಲವನ್ನು ಎಷ್ಟೋ ಸಲ ಮಂಡಿಯೂರಿ ಒರೆಸಿದ್ದೇನೆ. ಅಲ್ಲಿ ಕುರ್ಚಿಯ ಮೇಲೆ ಕೂತದ್ದು ಅವತ್ತೇ.

ಹೊಸ ಕ್ರೀಡಾಂಗಣ ಕಟ್ಟುವ ಕಂಪನಿಯ ಅಧಿಕಾರಿಣಿ ಒಳ್ಳೆಯ ಹೆಂಗಸು. ದನಿ ಎತ್ತುವವಳಲ್ಲ. ಮೈಕಿನಲ್ಲಿ ಹೇಳಿದಳು: "ನಿಮ್ಮ ನೋವು ನಮಗೆ ಅರ್ಥವಾಗುತ್ತೆ. ಮುಖ್ಯ ದ್ವಾರದಲ್ಲಿ ಸ್ಮಾರಕದ ಗೋಡೆ ಕಟ್ಟುತ್ತೇವೆ. ಒಂಬತ್ತು ಹೆಸರಿನ ಜೊತೆ ಹತ್ತನೆಯದಾಗಿ ನಿಮ್ಮ ಅಕ್ಕನ ಹೆಸರು. ಕಪ್ಪು ಕಲ್ಲಿನಲ್ಲಿ. ಎಲ್ಲರಿಗೂ ಕಾಣುವ ಹಾಗೆ." ಆ ಹೆಸರನ್ನೂ ಓದಿ ಹೇಳಿದಳು.

ಜನ ಚಪ್ಪಾಳೆ ತಟ್ಟಿದರು. ಮನಸಾರೆ ತಟ್ಟಿದರು. ಹಿಂದಿನಿಂದ ಒಬ್ಬ ಮುದುಕ, "ಒಪ್ಕೋ ಮಗಳೇ, ಒಳ್ಳೇದಾಗುತ್ತೆ," ಅಂದ. ನನ್ನ ಕಣ್ಣು ತುಂಬಿತು. ಅಕ್ಕನ ಹೆಸರನ್ನು ಆ ಹಾಲ್‌ನಲ್ಲಿ ಯಾರಾದರೂ ಬಾಯಲ್ಲಿ ಹೇಳಿದ್ದು ಅದೇ ಮೊದಲು. ಹೇಳಿದ್ದೂ ಸ್ಪಷ್ಟವಾಗಿ, ಕಾಗದ ನೋಡಿಕೊಂಡು.

"ದೊಡ್ಡಮ್ಮನ ಹೆಸರು?" ಅಂತ ಕೇಳಿದೆ.

ಅಧಿಕಾರಿಣಿ ಪಕ್ಕದವನ ಕಡೆ ನೋಡಿದಳು. ಅವನು ಕಾಗದ ತಿರುವಿದ. "ಅವರ ಪೂರ್ತಿ ಹೆಸರು ದಾಖಲೆಯಲ್ಲಿಲ್ಲ. ಅವರ ಪರವಾಗಿ ಕೇಳಿಕೊಂಡು ಬಂದವರೂ ಯಾರೂ ಇಲ್ಲ."

"ನಾನು ಬಂದಿದೀನಿ."

"ನೀವು ಸಂಬಂಧಿಕರಲ್ಲವಲ್ಲ."

"ನಾವು ಮೂರು ಜನ ಒಂದೇ ಬೀಗದೊಳಗಿದ್ವಿ," ಅಂದೆ. ಮೈಕು ನನ್ನ ಕಡೆ ಇರಲಿಲ್ಲ. ಆದರೂ ಹಿಂದಿನ ಸಾಲಿನ ತನಕ ಕೇಳಿಸಿತು. "ಇನ್ಯಾವ ಸಂಬಂಧ ಬೇಕು ನಿಮಗೆ?"

ಯಾರೋ ಶಿಳ್ಳೆ ಹಾಕಿದರು. "ಎರಡು ಮೂಳೆಗೋಸ್ಕರ ಮೂರು ಬೀದಿ ಹಾಳು ಮಾಡ್ತೀಯಾ?" ಅಂತ ಒಂದು ದನಿ. "ಸ್ಟೇಡಿಯಂ ಬೇಕು, ಸ್ಟೇಡಿಯಂ ಬೇಕು," ಅಂತ ಕಿಟಕಿಯ ಕಡೆಯಿಂದ ಶುರುವಾಯಿತು. ಕಾಲು ಕುಟ್ಟಿದರು. ಮೂರು ಮಾತ್ರೆ. ಮೂರು ಮಾತ್ರೆ. ಅವರು ಮುನ್ನುಗ್ಗುತ್ತಿದ್ದರು.

ನಾನು ಮಗಳನ್ನು ನೋಡಿದೆ. ಅವಳ ಕಾಲು ನೆಲದ ಮೇಲೆ ಸುಮ್ಮನಿತ್ತು. ಪಕ್ಕದ ಹುಡುಗಿಯರು ಕುಟ್ಟುತ್ತಿದ್ದರು. ಅವಳು ಎರಡೂ ಕೈಯಿಂದ ತನ್ನ ಮೊಣಕಾಲು ಹಿಡಿದುಕೊಂಡಿದ್ದಳು. ಅವಳಿಗೆ ಆ ಬಾಗಿಲು ಈಗಲೂ ಬೇಕಾಗಿತ್ತು. ಮುಖದಲ್ಲೇ ಕಾಣುತ್ತಿತ್ತು. ಅದನ್ನು ಅವಳಿಂದ ಕಿತ್ತುಕೊಳ್ಳುತ್ತಿರುವವಳು ನಾನು. ಕಂಪನಿಯಲ್ಲ, ಕ್ಲಬ್ಬಲ್ಲ, ನಾನು. ನಮ್ಮಂಥವರಿಗೆ ಅವರು ಒಂದು ಕೊಡುವಾಗ ಹೀಗೇ ಕೊಡುತ್ತಾರೆ. ಇನ್ನೊಬ್ಬಳ ಎದೆಯ ಮೇಲೆ ನಿಂತು ತೆಗೆದುಕೊಳ್ಳಬೇಕು.

ಗಂಟಲಣ್ಣ ಎದ್ದು ಕೈ ಎತ್ತಿದ. ಕುಟ್ಟು ನಿಂತಿತು. ಅವನು ವೇದಿಕೆ ಹತ್ತಿ, ಮೇಜಿನ ಮೇಲಿದ್ದ ಕಾಗದ ಮತ್ತು ಪೆನ್ನು ತೆಗೆದುಕೊಂಡು ನನ್ನ ಮುಂದೆ ಬಂದ. ಅಷ್ಟು ಜನರ ಎದುರು ಮಂಡಿಯೂರಿದ.

"ನಾನು ಮಾಡಿದ್ದಕ್ಕೆ ನನ್ನನ್ನ ಏನು ಬೇಕಾದ್ರೂ ಮಾಡು," ಅಂದ. ಒಡೆದ ಸ್ವರ. ಮುಂದಿನ ಎರಡು ಸಾಲಿಗೆ ಮಾತ್ರ ಕೇಳಿಸಿರಬೇಕು. "ಪೊಲೀಸರ ಹತ್ರ ಕರ್ಕೊಂಡು ಹೋಗು, ಬರ್ತೀನಿ. ಆದ್ರೆ ಇವರೇನ್ ಮಾಡಿದ್ರು ತಂಗಿ? ಈ ಮಕ್ಕಳೇನ್ ಮಾಡಿದ್ರು? ನಿನ್ನ ಮಗಳ ಮುಖ ನೋಡು. ಅರ್ಜಿ ವಾಪಸ್ ತಗೋ."

ನೋಡಿದೆ. ಮಗಳು ತಲೆ ಎತ್ತಿದ್ದಳು.

ನಾನು ಕುರ್ಚಿಯಿಂದ ಎದ್ದೆ. ಸೊಂಟ ನೋಯಿತು. ಪೂರ್ತಿ ನೆಟ್ಟಗಾಗುವ ತನಕ ನಿಂತೆ.

"ತಗೊಳ್ಳಲ್ಲ," ಅಂದೆ. "ಅಗೀರಿ."